ಮಾತು ಕೇಳಿಸಬೇಕು, ಗೋಡೆ ನಡುಗಬೇಕಿಲ್ಲ

ಹರಿಯಾಣದ ಫರೀದಾಬಾದಿನ ಚಿತ್ರಮಂದಿರಗಳಲ್ಲಿ ಕನ್ನಡ ಸಿನಿಮಾವನ್ನು ಕನ್ನಡದಲ್ಲೇ ನೋಡುವ ಅವಕಾಶ ಅಪರೂಪ. ದೊಡ್ಡ ಚಿತ್ರ ಬಂದರೂ ಹಿಂದಿ ಡಬ್ಬಿಂಗಿನ ಆಟಗಳೇ ಹೆಚ್ಚು. ಕೆಲಸಕ್ಕೆಂದು ಬಂದು ಇಲ್ಲಿನ ಸೆಕ್ಟರುಗಳಲ್ಲಿ ನೆಲೆನಿಂತ ಕನ್ನಡ ಮನೆಗಳಿಗೆ ಟಿವಿ ಇರುವ ಹಾಲೇ ಟಾಕೀಸು. 2022ರ ‘ಕಾಂತಾರ’ವನ್ನು ಒಟಿಟಿಯಲ್ಲಿ ಮೂಲ ಭಾಷೆಯಲ್ಲೇ ನೋಡೋಣವೆಂದು ಕೂತರೆ ಇನ್ನೊಂದು ತೊಡಕು ಎದುರಾಗುತ್ತದೆ. ಚಿತ್ರದ ಮಾತು ಕರಾವಳಿಯ ಕನ್ನಡ. ಹರಿಯಾಣದಲ್ಲಿ ಬೆಳೆದ ಮಕ್ಕಳು ಅದನ್ನು ಕಿವಿಗೊಟ್ಟು ಹಿಡಿಯಬೇಕು. ಆದರೆ ಇಂದಿನ ತೆಳ್ಳನೆಯ ಟಿವಿಗಳ ಸ್ಪೀಕರುಗಳು ಬಹುಪಾಲು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಹಿನ್ನೆಲೆ ಸಂಗೀತ ಏರಿದೊಡನೆ ಮಾತು ಕಲಸಿಹೋಗುತ್ತದೆ, ಅಬ್ಬರ ಮಾತ್ರ ಉಳಿಯುತ್ತದೆ. ನಮ್ಮ ಮನೆಯಲ್ಲಿ, ಸುತ್ತಲೂ ಇಟ್ಟ ಸ್ಪೀಕರುಗಳನ್ನು ನಡೆಸುವ ಸರೌಂಡ್ ರಿಸೀವರ್ ಕೊಳ್ಳುವ ಯೋಚನೆ ಹುಟ್ಟಿದ್ದೇ ಈ ಕಾರಣಕ್ಕೆ.

ಫರೀದಾಬಾದಿನವರಿಗೆ ಪೇಟೆಗೆ ಹೋಗುವುದು ಸುಲಭ. ವಯೊಲೆಟ್ ಲೈನ್ ಮೆಟ್ರೋ ಹತ್ತಿ ಕೂತರೆ ಎಲ್ಲೂ ಬದಲಾಯಿಸದೆ ದಿಲ್ಲಿಯ ಲಾಲ್ ಕಿಲಾ ನಿಲ್ದಾಣ. ಕೆಂಪುಕೋಟೆಯ ಎದುರಿಗೇ ಲಜಪತ್ ರಾಯ್ ಮಾರ್ಕೆಟ್, ಎಲೆಕ್ಟ್ರಾನಿಕ್ಸಿನ ಹಳೆಯ ಸಗಟು ಪೇಟೆ. ಅಲ್ಲಿ ಗಿರಾಕಿಯ ಮುಂದೆ ಮೊದಲು ಇಡುವ ಮಾತು ವ್ಯಾಟ್. ಎಷ್ಟು ವ್ಯಾಟ್ ಬೇಕು, ಇದು ಇಷ್ಟು ಕೊಡುತ್ತದೆ, ಅದು ಇನ್ನೂ ಹೆಚ್ಚು.

ಈ ಅಂಕಿಯನ್ನು ಬಿಡಿಸಿ ನೋಡಬೇಕು. ಪೆಟ್ಟಿಗೆಯ ಮೇಲಿನ ದಪ್ಪಕ್ಷರದ ವ್ಯಾಟ್ ಸಾಮಾನ್ಯವಾಗಿ ಒಂದೇ ಒಂದು ಚಾನೆಲ್ (ಒಂದು ಸ್ಪೀಕರಿನ ಪಾಲು) ಓಡಿಸಿ, 1 ಕಿಲೋಹರ್ಟ್ಜ್‌ನ ಒಂದೇ ಸ್ವರದಲ್ಲಿ, ಸ್ವರ ಒಡೆಯುವಷ್ಟು ಒತ್ತಿ ಅಳೆದದ್ದು. ಅದೇ ಯಂತ್ರದ ಕೈಪಿಡಿಯಲ್ಲಿ 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಎಂಬ ಷರತ್ತಿನೊಂದಿಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಹೋಲಿಸಬೇಕಾದದ್ದು ಅದನ್ನು. ವ್ಯಾಟ್ ಇಮ್ಮಡಿಯಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬಲ್. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುವ ಸಾಧಾರಣ ಸ್ಪೀಕರ್ 16 ವ್ಯಾಟಿಗೆ 99 ಕೊಡುತ್ತದೆ. ಸೋಫಾ ಮೂರು ಮೀಟರ್ ದೂರವಿದ್ದರೂ ಕಿವಿಗೆ 89ರ ಆಸುಪಾಸು ತಲುಪುತ್ತದೆ. ಹಾಲಿನಲ್ಲಿ ಅದು ಸಾಕಷ್ಟು ದೊಡ್ಡ ಸದ್ದು. 70 ವ್ಯಾಟಿನ ರಿಸೀವರ್ ಬಿಟ್ಟು 100ರದ್ದಕ್ಕೆ ಹೆಚ್ಚು ಹಣ ಸುರಿಯುವ ಬದಲು ಆ ಹಣವನ್ನು ಸೆಂಟರ್ ಸ್ಪೀಕರಿಗೆ ಹಾಕುವುದು ಲೇಸು. ಸಿನಿಮಾದ ಸಂಭಾಷಣೆ ಬಹುಮಟ್ಟಿಗೆ ಬರುವುದೇ ಟಿವಿಯ ಕೆಳಗೆ ಕೂರುವ ಆ ಒಂದು ಪೆಟ್ಟಿಗೆಯಿಂದ.

ಅಗ್ಗಕ್ಕೆ ಸಿಗುವ ವಿದೇಶಿ ಮಾಲಿನ ಬಗ್ಗೆಯೂ ಎಚ್ಚರ ಬೇಕು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಯಂತ್ರ 120 ವೋಲ್ಟಿನದು, ನಮ್ಮದು 230. ಹಿಂಬದಿಯ ಫಲಕ ಓದದೆ, ಕಂಪನಿಯ ಭಾರತದ ವಾರಂಟಿ ಕಾರ್ಡ್ ನೋಡದೆ ದುಡ್ಡು ಕೊಡಬಾರದು.

ಚಾನೆಲ್ ಎಷ್ಟಿರಬೇಕು? 2012ರಲ್ಲಿ ಡಾಲ್ಬಿ ಅಟ್ಮಾಸ್ ಬಂದಮೇಲೆ ತಲೆಯ ಮೇಲಿಂದಲೂ ಸದ್ದು ಬರಬೇಕೆಂಬ ಆಸೆ ಎಲ್ಲರಿಗೂ ಹುಟ್ಟಿದೆ. ಆದರೆ ಮಹಡಿಗೊಂದು ಮನೆಯಿರುವ ಇಲ್ಲಿನ ಬಿಲ್ಡರ್ ಫ್ಲೋರುಗಳ ಹಾಲು ಒಂದು ಪಕ್ಕದಲ್ಲಿ ಊಟದ ಕೋಣೆಗೆ ತೆರೆದುಕೊಂಡಿರುತ್ತದೆ, ಸೋಫಾ ಹಿಂಗೋಡೆಗೆ ಅಂಟಿರುತ್ತದೆ. ಅಂಥಲ್ಲಿ ಚೆನ್ನಾಗಿ ಕೂರಿಸಿದ 5.1 (ಐದು ಸ್ಪೀಕರು, ತಗ್ಗು ದನಿಗೆ ಒಂದು ಸಬ್‌ವೂಫರ್), ಹೇಗೋ ತುರುಕಿದ 7.1ಕ್ಕಿಂತ ಮೇಲು. ಮುಂದಿನ ಎರಡು ಸ್ಪೀಕರುಗಳು ಕೇಳುಗನ ನೇರದಿಂದ 30 ಡಿಗ್ರಿ ಎಡಬಲಕ್ಕೆ, ಸರೌಂಡ್ ಎರಡು 110 ಡಿಗ್ರಿಯ ಸುಮಾರಿಗೆ, ಅಂದರೆ ಕಿವಿಯಿಂದ ತುಸು ಹಿಂದಕ್ಕೆ. ಸೋಫಾವನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆಯಲು ಮನೆಯವರು ಒಪ್ಪಿದರೆ ಅರ್ಧ ಕೆಲಸ ಆದಂತೆ.

ಇನ್ನು ಕೋಣೆ. ಹಾಲಿನ ನೆಲ ಮಾರ್ಬಲ್, ಬಾಲ್ಕನಿಗೆ ಗಾಜಿನ ಬಾಗಿಲು, ಗೋಡೆಗಳು ಬೋಳು. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಝರ್ರೆಂದು ಮರುದನಿ ಬರುತ್ತದೆ. ಸ್ಪೀಕರಿನಿಂದ ಹೊರಟ ಪ್ರತಿ ಅಕ್ಷರದ ಬೆನ್ನಿಗೂ ಇದೇ ಮರುದನಿ ಹತ್ತುತ್ತದೆ, ಮಾತು ಮಸುಕಾಗುತ್ತದೆ. ಯಾವ ರಿಸೀವರೂ ಇದನ್ನು ಪೂರ್ತಿ ತೊಳೆಯಲಾರದು. ಪರಿಹಾರ ಈ ರಾಜ್ಯದಲ್ಲೇ ಇದೆ. ಕೈಮಗ್ಗಕ್ಕೆ ಹೆಸರಾದ ಪಾಣಿಪತ್ತಿನ ದಪ್ಪ ಕಾರ್ಪೆಟ್ ಒಂದನ್ನು ಟಿವಿಗೂ ಸೋಫಾಕ್ಕೂ ನಡುವೆ ಹಾಸಿ, ಗಾಜಿಗೆ ಮಡಿಕೆಗಳುಳ್ಳ ದಪ್ಪ ಪರದೆ ಇಳಿಬಿಟ್ಟು, ಹಿಂಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸಿದಾಗ ನಮ್ಮ ಹಾಲಿನ ದನಿಯೇ ಬದಲಾಯಿತು. ಚಳಿಗಾಲದಲ್ಲಿ ರಜಾಯಿಗಳು ಸೋಫಾದ ಮೇಲೆ ಬಂದು ಬಿದ್ದಾಗ ಅದೇ ಸ್ಪೀಕರ್ ಇನ್ನಷ್ಟು ತಿಳಿಯಾಗಿ ಕೇಳುತ್ತದೆ.

ರಿಸೀವರ್ ಜತೆ ಬರುವ ಮೈಕು ಕೋಣೆಯನ್ನು ಅಳೆಯುವ ಸಾಧನ. ಡೆನಾನ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ ಎಂಬ ಹೆಸರಿನಲ್ಲಿ ಈ ವ್ಯವಸ್ಥೆ ಇದೆ. ಅದು ಪ್ರತಿ ಸ್ಪೀಕರಿನ ದೂರ ಮತ್ತು ಮಟ್ಟವನ್ನು ಲೆಕ್ಕಹಾಕಿ ಸರಿದೂಗಿಸುತ್ತದೆ. ಮೈಕನ್ನು ಕೈಯಲ್ಲಿ ಹಿಡಿಯಬಾರದು, ಕುಶನ್ ಮೇಲೂ ಇಡಬಾರದು. ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ ಕೂತವರ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ಕೂಲರ್, ಫ್ಯಾನ್, ಏಸಿ ಎಲ್ಲ ಬಂದ್. ಮಥುರಾ ರಸ್ತೆಯ ಲಾರಿಗಳ ಸದ್ದು ತಲುಪುವ ಮನೆಗಳಲ್ಲಿ ನಸುಕಿನಲ್ಲಿ ಮಾಡುವುದು ಒಳ್ಳೆಯದು. ಮುಗಿದ ಮೇಲೆ ಸ್ಪೀಕರುಗಳನ್ನು ‘ಸ್ಮಾಲ್’ ಎಂದೂ ಕ್ರಾಸ್‌ಓವರನ್ನು 80 ಹರ್ಟ್ಜ್ ಎಂದೂ ಇಟ್ಟರೆ ಅದಕ್ಕಿಂತ ತಗ್ಗಿನ ಗುಡುಗೆಲ್ಲ ಸಬ್‌ವೂಫರಿನ ಪಾಲಿಗೆ ಹೋಗುತ್ತದೆ, ಚಿಕ್ಕ ಸ್ಪೀಕರುಗಳು ಹಗುರಾಗುತ್ತವೆ. ಆಮೇಲೆ ಸೆಂಟರನ್ನು 2 ಡೆಸಿಬಲ್ ಏರಿಸಿದರೆ ಕುಂದಾಪುರದ ಕಡೆಯ ಕರಾವಳಿ ಮಾತೂ ಸ್ಪಷ್ಟ.

ಎಲ್ಲ ಜೋಡಿಸಿದರೂ ಹಿಂದಿನ ಸ್ಪೀಕರುಗಳಿಂದ ಸರಿಯಾದ ಸದ್ದು ಬರುತ್ತಿಲ್ಲ ಎಂಬ ದೂರು ಬಹಳ ಮನೆಗಳಲ್ಲಿ ಕೇಳುತ್ತದೆ. ಹೆಚ್ಚಿನ ಸಲ ಕಾರಣ ಟಿವಿಯ ಸೆಟ್ಟಿಂಗ್. ಸೌಂಡ್ ಔಟ್‌ಪುಟ್ ‘ಪಿಸಿಎಂ’ನಲ್ಲಿದ್ದರೆ ಟಿವಿಯ ಸದ್ದನ್ನು ರಿಸೀವರಿಗೆ ಒಯ್ಯುವ ಎಚ್‌ಡಿಎಂಐನ ಎಆರ್‌ಸಿ ಕೊಂಡಿಯಲ್ಲಿ ಎರಡೇ ಚಾನೆಲ್ ಹರಿಯುತ್ತದೆ. ಅದನ್ನು ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ ಮಾಡಬೇಕು. ಒಟಿಟಿಗಳು ಸಾಮಾನ್ಯವಾಗಿ ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಮಾಮೂಲಿ ಎಆರ್‌ಸಿ ಸಾಕು. ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕಾಗುವುದು ಬ್ಲೂರೇಯ ಟ್ರೂಎಚ್‌ಡಿಯಂಥದ್ದನ್ನು ಟಿವಿಯ ಮೂಲಕ ಹಾಯಿಸುವಾಗ.

ಮೇ ತಿಂಗಳಲ್ಲಿ ಇಲ್ಲಿ ಪಾದರಸ 45 ಡಿಗ್ರಿ ಮುಟ್ಟುವುದುಂಟು. ರಿಸೀವರ್ ತಾನೇ ಬಿಸಿಯಾಗುವ ಯಂತ್ರ. ಬಾಗಿಲಿರುವ ಟಿವಿ ಯೂನಿಟ್ಟಿನೊಳಗೆ ಮುಚ್ಚಿಟ್ಟರೆ ಆಯುಷ್ಯ ಕುಗ್ಗುತ್ತದೆ. ತಲೆಯ ಮೇಲೆ ಗೇಣು ಜಾಗವಾದರೂ ಬೇಕು, ಮೇಲೆ ಸೆಟ್‌ಟಾಪ್ ಬಾಕ್ಸ್ ಕೂರಿಸಬಾರದು. ಆಂಧಿ, ಅಂದರೆ ದೂಳಿನ ಬಿರುಗಾಳಿ, ಏಳುವ ಸೂಚನೆ ಕಂಡರೆ ಪ್ಲಗ್ ಕೀಳುವುದು ಲೇಸು. ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ. ಸ್ಪೀಕರಿನ ವೈರು ಅಪ್ಪಟ ತಾಮ್ರದ್ದು, 1.5 ಚದರ ಮಿಲಿಮೀಟರಿಗಿಂತ ಕಡಿಮೆಯಿಲ್ಲದ್ದು ಇರಲಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಎಳೆ ಪಕ್ಕದ ಕೊಂಡಿಗೆ ತಾಗಿದರೂ ಯಂತ್ರ ತಾನಾಗಿ ಆರಿಹೋಗುತ್ತದೆ.

ಕೆಳಗಿನ ಮನೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್. ಖಾಸಗಿ ಜಾಗದ ಸದ್ದು ಅದರ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಗೋಡೆ ದಾಟುವುದು ಮುಖ್ಯವಾಗಿ ಸಬ್‌ವೂಫರಿನ ತಗ್ಗು ದನಿ. ಸಬ್‌ವೂಫರನ್ನು ಮೂಲೆಯಿಂದ ಹೊರಗೆಳೆದು, ಅಡಿಗೆ ದಪ್ಪ ಫೋಮ್ ಕೊಡಬೇಕು. ರಾತ್ರಿ ರಿಸೀವರಿನ ನೈಟ್ ಮೋಡ್ ಹಾಕಿದರೆ ಸದ್ದಿನ ಏರಿಳಿತ ಕುಗ್ಗುತ್ತದೆ. ಪಿಸುಮಾತು ಕೇಳುತ್ತದೆ, ಸ್ಫೋಟ ಹದಕ್ಕೆ ಬರುತ್ತದೆ.

ಉತ್ತರದ ಊರುಗಳಲ್ಲಿರುವ ಕನ್ನಡಿಗರು ರಿಸೀವರ್ ಕೊಳ್ಳಲು ಹೊರಟರೆ ಒಂದು ಕೆಲಸ ಮಾಡಿ. ಅಂಗಡಿಯವರು ಹಾಕುವ ಇಂಗ್ಲಿಷ್ ಯುದ್ಧದ ದೃಶ್ಯಕ್ಕೆ ಮರುಳಾಗದೆ, ನಿಮ್ಮ ಫೋನಿನಿಂದ ಒಂದು ಕನ್ನಡ ಸಿನಿಮಾದ ಸಂಭಾಷಣೆಯ ದೃಶ್ಯ ಹಾಕಿಸಿ. ಮಕ್ಕಳನ್ನೂ ಕರೆದೊಯ್ಯಿರಿ. ಸಬ್‌ಟೈಟಲ್ ಇಲ್ಲದೆ ಅವರಿಗೆ ಮಾತು ತಿಳಿದರೆ ಮಾತ್ರ ಹಣ ಕೊಡಿ.