ಸೀಟು ಕಾಯುವ ತಿಂಗಳುಗಳು ಮತ್ತು ಕೈಗೆ ಸಿಗುವ ಹಣ

ಎಂಬಿಬಿಎಸ್ ಓದಿನ ಖರ್ಚನ್ನು ಲೆಕ್ಕ ಹಾಕುವ ಕುಟುಂಬಗಳು ನಾಲ್ಕೂವರೆ ವರ್ಷದ ಒಟ್ಟು ಶುಲ್ಕದ ಮೇಲೆಯೇ ಗಮನ ಇಡುವುದು ವಾಡಿಕೆಯಾಗಿದ್ದರೂ, ಕೊನೆಯ ಸುತ್ತುಗಳಲ್ಲಿ ಸೀಟು ಉಳಿಯುತ್ತದೋ ಜಾರುತ್ತದೋ ಎಂಬುದು ಬಹಳ ಸಲ ಹಂಚಿಕೆಯಾದ ಕೆಲವೇ ದಿನಗಳೊಳಗೆ ಮೊದಲ ವರ್ಷದ ಶುಲ್ಕವನ್ನು ಕಟ್ಟಬಲ್ಲ ಶಕ್ತಿಯ ಮೇಲೆ ನಿಂತಿರುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದಂಥ ಕಡೆ ಆಸ್ತಿ ಇದ್ದೂ ನಗದು ಇಲ್ಲದ ಅನೇಕ ಕುಟುಂಬಗಳಿರುವುದರಿಂದ ಒಟ್ಟು ಖರ್ಚಿಗೂ ಕೈಯಲ್ಲಿರುವ ಹಣಕ್ಕೂ ನಡುವಿನ ಈ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ.

ಕರ್ನಾಟಕದಲ್ಲಿ ಶುಲ್ಕ ಕಟ್ಟುವ ಶಕ್ತಿಯ ಈ ಪ್ರಶ್ನೆ ಹಳೆಯದು. ರಾಜ್ಯ ಸರ್ಕಾರದ 1989ರ ಜೂನ್ ತಿಂಗಳ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಇತರರಿಗೆ 25,000 ಮತ್ತು ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕಕ್ಕೆ ಅವಕಾಶ ಕೊಟ್ಟಿತ್ತು. ತುಮಕೂರಿನ ಕಾಲೇಜೊಂದರಲ್ಲಿ ಪ್ರವೇಶ ಬಯಸಿದ್ದ ಮೋಹಿನಿ ಜೈನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಈ ವ್ಯವಸ್ಥೆಯನ್ನು ತಿರಸ್ಕರಿಸಿತು. ಪ್ರವೇಶದ ರೀತಿಯೂ ಬದಲಾಗಿದೆ: ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕಾಲೇಜು ತನ್ನದೇ ಪ್ರವೇಶ ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ನಡೆಸುತ್ತಿದ್ದ ಕಾಲ 2016ರಲ್ಲಿ ನೀಟ್ ಖಾಸಗಿ ಕಾಲೇಜುಗಳಿಗೂ ಕಡ್ಡಾಯವಾಗುವುದರೊಂದಿಗೆ ಮುಗಿಯಿತು. ಈಗ ಸಂದರ್ಶನವಿಲ್ಲ, ಆದರೆ ಕಾಯುವಿಕೆ ಉಳಿದಿದೆ. ಅದು ಕೌನ್ಸೆಲಿಂಗ್‌ನ ಸುತ್ತುಗಳ ರೂಪ ತಾಳಿದೆ.

ಸುತ್ತು ಎಂದರೆ ರ‍್ಯಾಂಕ್ ಮತ್ತು ಅಭ್ಯರ್ಥಿಯ ಆಪ್ಷನ್ ಪಟ್ಟಿಯ ಆಧಾರದಲ್ಲಿ ಸೀಟುಗಳನ್ನು ಒಮ್ಮೆ ಹಂಚಿ, ಖಾಲಿ ಉಳಿದವನ್ನು ಮತ್ತೆ ಹಂಚುವ ಕ್ರಮ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಅಖಿಲ ಭಾರತ ಕೋಟಾ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ, ಹಂಚಿದರೆ, ರಾಜ್ಯದ ಉಳಿದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಂಚುತ್ತದೆ. ಈ ಎರಡೂ ಪ್ರಕ್ರಿಯೆಗಳು ಒಂದರ ಪಕ್ಕದಲ್ಲೊಂದು ನಡೆಯುವುದರಿಂದ, ಅಲ್ಲಿ ಒಳ್ಳೆಯ ಸೀಟು ಸಿಕ್ಕವರು ಇಲ್ಲಿನದನ್ನು ಬಿಟ್ಟಾಗ ರಾಜ್ಯದ ಪಟ್ಟಿ ಕೆಳಕ್ಕೆ ಸರಿಯುತ್ತದೆ; ಮೊದಲ ಸುತ್ತಿನಲ್ಲಿ ಹೆಸರಿಲ್ಲದ ವಿದ್ಯಾರ್ಥಿಗೆ ಮೂರನೆಯ ಸುತ್ತಿನಲ್ಲೋ, ಕೊನೆಯ ಸ್ಟ್ರೇ ವೇಕೆನ್ಸಿ ಸುತ್ತಿನಲ್ಲೋ ಹೊಸಕೋಟೆಯ ಎಂವಿಜೆ, ಅತ್ತಿಬೆಲೆಯ ಆಕ್ಸ್‌ಫರ್ಡ್ ಅಥವಾ ವೈಟ್‌ಫೀಲ್ಡಿನ ವೈದೇಹಿ ಕಾಲೇಜಿನಲ್ಲಿ ಸೀಟು ಬರುವುದು ಹೀಗೆ. ಸೀಟು ಹಂಚಿಕೆಯಾದ ಮೇಲೆ ಕೆಇಎಯಲ್ಲಿ ಆರಿಸಬಹುದಾದ ಎರಡನೆಯ ಛಾಯ್ಸ್ ಎಂದರೆ ಸಿಕ್ಕ ಸೀಟನ್ನು ಹಿಡಿದುಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಕಾಲೇಜಿಗಾಗಿ ಕಾಯುವುದು. ಮೂರನೆಯದೆಂದರೆ ಸಿಕ್ಕದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಮನೆಯಿಂದ ಓಡಾಡಬಹುದಾದ ಕಾಲೇಜು ಹಾಸ್ಟೆಲ್ ಖರ್ಚನ್ನು ಉಳಿಸುವುದರಿಂದ, ಆಪ್ಷನ್ ಪಟ್ಟಿಯ ಕ್ರಮವೂ ಒಂದು ಹಣಕಾಸಿನ ತೀರ್ಮಾನವೇ ಆಗಿದೆ.

ಕಾಯುವುದಕ್ಕೂ ಬೆಲೆಯಿದೆ. ಎಂಸಿಸಿಯಲ್ಲಿ ಡೀಮ್ಡ್ ಸೀಟಿಗೆ ನೋಂದಾಯಿಸುವವರು ಇತ್ತೀಚಿನ ವರ್ಷಗಳಲ್ಲಿ ಹಿಂದಿರುಗಿಸದ 5,000 ರೂಪಾಯಿ ಶುಲ್ಕದ ಜೊತೆಗೆ 2 ಲಕ್ಷ ರೂಪಾಯಿ ಭದ್ರತಾ ಠೇವಣಿ ಇಡಬೇಕಾಗಿದ್ದು, ಮೊದಲ ಸುತ್ತಿನ ಸೀಟನ್ನು ದಂಡವಿಲ್ಲದೆ ಬಿಡಬಹುದಾದರೂ ಮುಂದಿನ ಸುತ್ತುಗಳಲ್ಲಿ ಬಂದ ಸೀಟಿಗೆ ಸೇರದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ. ಇದೇ ಸಮಯದಲ್ಲಿ ಮಗುವಿಗೆ ಎಂಜಿನಿಯರಿಂಗ್ ಸೀಟೊಂದನ್ನು ಹಿಡಿದಿಟ್ಟಿದ್ದರೆ ಅಲ್ಲಿಯೂ ಹಣ ಸಿಕ್ಕಿಕೊಂಡಿರುತ್ತದೆ. ಆ ಸೀಟನ್ನು ರದ್ದುಪಡಿಸುವ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಳ್ಳುವುದು ಅಗತ್ಯ.

ಈ ಅಂಕಣದ ಲೇಖಕಿಯ ಕುಟುಂಬವು ಎಲೆಕ್ಟ್ರಾನಿಕ್ ಸಿಟಿಯ ಸಮೀಪದಲ್ಲಿ ನೆಲೆಸಿ ಮಗಳ ಸೀಟಿಗಾಗಿ ಮೂರನೆಯ ಸುತ್ತಿನವರೆಗೆ ಕಾದ ವರ್ಷದಲ್ಲಿ ಮನಗಂಡ ಸಂಗತಿಯೆಂದರೆ, ಉಳಿತಾಯದ ಮೊತ್ತದಷ್ಟೇ ಅದು ಇರುವ ರೂಪವೂ ಮುಖ್ಯ. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಬ್ಯಾಂಕು ಆಸ್ತಿಯ ಅಡಮಾನ ಕೇಳುತ್ತದೆ. ಆದರೆ ಹೊರವಲಯದ ಅನೇಕ ಕುಟುಂಬಗಳಂತೆ ಈ ಕುಟುಂಬದ ಬಳಿಯೂ ಇದ್ದದ್ದು ಬಿ-ಖಾತಾ ನಿವೇಶನ, ಅದನ್ನು ಭದ್ರತೆಯಾಗಿ ಒಪ್ಪಲು ಬ್ಯಾಂಕು ಸಿದ್ಧವಿರಲಿಲ್ಲ. ದ್ವಿತೀಯ ಪಿಯುಸಿ ಪರೀಕ್ಷೆಗೂ ಮೊದಲೇ ವಿಚಾರಿಸಿದ್ದರಿಂದ ಬದಲಿ ಭದ್ರತೆಯನ್ನು ಹೊಂದಿಸಲು ಕಾಲಾವಕಾಶ ಸಿಕ್ಕಿತು. ಮೊದಲ ವರ್ಷದ ಶುಲ್ಕದಷ್ಟು ಹಣವನ್ನು ಒಂದೇ ದೊಡ್ಡ ಠೇವಣಿಯಲ್ಲಿಡದೆ ಹಲವು ಸಣ್ಣ ಠೇವಣಿಗಳಾಗಿ ಇಟ್ಟದ್ದರಿಂದ, ಅವಧಿಗೆ ಮುನ್ನ ಮುರಿಯುವಾಗ ಬಡ್ಡಿಯ ನಷ್ಟ ಬೇಕಾದಷ್ಟು ಭಾಗಕ್ಕೆ ಮಾತ್ರ ಸೀಮಿತವಾಯಿತು.

ಐಟಿ ನೌಕರರ ಉಳಿತಾಯ ಹೆಚ್ಚಾಗಿ ಮ್ಯೂಚುವಲ್ ಫಂಡ್‌ನಲ್ಲೋ ಕಂಪನಿ ಕೊಟ್ಟ ವಿದೇಶಿ ಷೇರುಗಳಲ್ಲೋ ಇರುತ್ತದೆ. ಈಕ್ವಿಟಿ ಫಂಡ್‌ನ ಹಣ ಖಾತೆಗೆ ಬರಲು ಎರಡು-ಮೂರು ಕೆಲಸದ ದಿನಗಳು ಬೇಕು, ವಿದೇಶಿ ಷೇರನ್ನು ಮಾರಿ ಹಣ ತರಿಸಲು ಇನ್ನೂ ಹೆಚ್ಚು. ಸುತ್ತುಗಳು ಸಾಮಾನ್ಯವಾಗಿ ನಡೆಯುವ ಜುಲೈನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಗಣೇಶನ ಹಬ್ಬ, ದಸರಾ ಮತ್ತು ಎರಡನೇ, ನಾಲ್ಕನೇ ಶನಿವಾರಗಳ ರಜೆಗಳೂ ಬರುವುದರಿಂದ ಡಿಡಿ ಮಾಡಿಸುವುದು ಕಷ್ಟವಾಗುತ್ತದೆ. ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ಲಭ್ಯವಿದೆ, ಆದರೆ ಖಾತೆಯ ದಿನದ ವರ್ಗಾವಣೆ ಮಿತಿಯನ್ನು ಮೊದಲೇ ಹೆಚ್ಚಿಸಿಕೊಂಡಿರಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದ ಸಾಲ ಕೊಡುತ್ತದೆಯಾದರೂ, ಮ್ಯಾನೇಜ್‌ಮೆಂಟ್ ಕೋಟಾದ ಪ್ರವೇಶಕ್ಕೆ ಅದು ಅನ್ವಯಿಸುವುದಿಲ್ಲ.

ಪೀಣ್ಯದ ಕಾರ್ಮಿಕರ ವಿಷಯ ಬೇರೆ, ಮತ್ತು ಅದೇ ಹೆಚ್ಚು ಮಹತ್ವದ್ದು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರು ಶೇ 0.75ರಷ್ಟು, ಮಾಲೀಕರು ಶೇ 3.25ರಷ್ಟು ವಂತಿಗೆ ಕಟ್ಟುವ ಇಎಸ್‌ಐ ಯೋಜನೆಯು ಆಸ್ಪತ್ರೆ ಸೌಲಭ್ಯಕ್ಕಷ್ಟೇ ಸೀಮಿತವಲ್ಲ; ಮೆಟ್ರೊದ ಹಸಿರು ಮಾರ್ಗದಲ್ಲಿ ಪೀಣ್ಯಕ್ಕೆ ಹತ್ತಿರವೇ ಇರುವ ರಾಜಾಜಿನಗರದ ಇಎಸ್‌ಐಸಿ ವೈದ್ಯಕೀಯ ಕಾಲೇಜಿನಲ್ಲಿ, ಕಲಬುರಗಿಯದ್ದರಲ್ಲಿ ಮತ್ತು ದೇಶದ ಇತರ ಇಎಸ್‌ಐಸಿ ಕಾಲೇಜುಗಳಲ್ಲಿ ವಿಮಾದಾರರ ಮಕ್ಕಳಿಗೆ ಮೀಸಲಾದ ಸೀಟುಗಳಿವೆ. ಇವುಗಳನ್ನು ನೀಟ್ ರ‍್ಯಾಂಕ್ ಆಧಾರದಲ್ಲಿ ಎಂಸಿಸಿಯೇ ಹಂಚುತ್ತದೆ. ಅರ್ಹತೆಯ ಪ್ರಮಾಣಪತ್ರವನ್ನು ಮಾತ್ರ ಇಎಸ್‌ಐಸಿಯಿಂದ ಆಯಾ ವರ್ಷ ನಿಗದಿಯಾದ ದಿನಾಂಕದೊಳಗೆ ಪಡೆದಿರಬೇಕು. ವೇತನ ಮಿತಿಯನ್ನು ದಾಟಿದರೂ ಆ ವಂತಿಗೆ ಅವಧಿ, ಅಂದರೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್, ಮುಗಿಯುವವರೆಗೆ ವಂತಿಗೆ ಮುಂದುವರಿಯುತ್ತದೆ, ಆದ್ದರಿಂದ ಸಂಬಳ ಏರಿದ ವರ್ಷದಲ್ಲಿ ಅರ್ಹತೆಯ ನಿಯಮವನ್ನು ಓದಿ ನೋಡಬೇಕು. ಈ ಸೌಲಭ್ಯವಿರುವುದೇ ಅನೇಕ ಕಾರ್ಮಿಕರಿಗೆ ತಿಳಿದಿಲ್ಲ. ಪೀಣ್ಯದ ಪ್ರತಿಯೊಂದು ಕಾರ್ಖಾನೆಯ ಸಿಬ್ಬಂದಿ ವಿಭಾಗವೂ ನೀಟ್ ಅರ್ಜಿಯ ಕಾಲದಲ್ಲಿಯೇ ಈ ಮಾಹಿತಿಯನ್ನು ಕನ್ನಡದಲ್ಲಿ ಸೂಚನಾ ಫಲಕದ ಮೇಲೆ ಹಾಕಿ, ಪ್ರಮಾಣಪತ್ರಕ್ಕೆ ಬೇಕಾದ ವಂತಿಗೆ ದಾಖಲೆಗಳನ್ನು ಕಾರ್ಮಿಕರಿಗೆ ಒದಗಿಸಬೇಕೆಂಬುದು ಈ ಅಂಕಣದ ವಿನಂತಿ.