ಹಳೇ ಟ್ರಾಕ್ಟರ್‌ನ ಗೇರ್ ಆಯಿಲ್ ಬದಲಿಸಬಹುದಾ?

ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ಕೊಂಡವರಿಗೆ ಮಾಗಡಿ, ಕನಕಪುರ ಕಡೆ ಒಂದು ಸಲಹೆ ಪುಕ್ಕಟೆ ಸಿಗುತ್ತೆ: "ಐದು ಸಾವಿರ ಗಂಟೆ ಓಡಿರೋ ಗಾಡಿ, ಗೇರ್ ಆಯಿಲ್ ಮುಟ್ಬೇಡ. ಹೊಸದು ಹಾಕಿದ್ರೆ ಗೇರ್ ಬಾಕ್ಸ್ ಹೋಗುತ್ತೆ."

ಈ ಭಯಕ್ಕೆ ಸ್ವಲ್ಪ ಅರ್ಥ ಇರೋದು ಆಟೋಮ್ಯಾಟಿಕ್ ಕಾರುಗಳಲ್ಲಿ. ಅಲ್ಲಿ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಪ್ಲೇಟ್ ಮೊದಲೇ ಸವೆದಿದ್ದು, ಎಣ್ಣೆ ಬದಲಿಸಿದ ಮೇಲೆ ಸ್ಲಿಪ್ ಆದರೆ ಬೈಗುಳ ಎಣ್ಣೆಗೆ ಬೀಳುತ್ತೆ. ನಮ್ಮ ಬಹುತೇಕ ಟ್ರಾಕ್ಟರ್‌ಗಳ ಮೇನ್ ಕ್ಲಚ್ ಒಣ ಕ್ಲಚ್, ಅದಕ್ಕೆ ಈ ಎಣ್ಣೆ ತಾಗೋದೇ ಇಲ್ಲ. ಆದರೆ ಗೇರು, ಲಿಫ್ಟು, ಆಯಿಲ್ ಬ್ರೇಕು ಇರುವ ಮಾಡೆಲ್ ಆದರೆ ಬ್ರೇಕೂ ಸೇರಿ ಸಾಮಾನ್ಯವಾಗಿ ಒಂದೇ ಎಣ್ಣೆಯಲ್ಲಿ ನಡೆಯುತ್ತವೆ. ಮಾವು ತುಂಬಿದ ಟ್ರೈಲರ್ ಕಟ್ಟಿಕೊಂಡು ಇಳಿಜಾರು ಇಳಿಯುವಾಗ ಇದು ನೆನಪಿರಲಿ. ನಮ್ಮ ಕಡೆ ಎಷ್ಟೋ ಟ್ರೈಲರ್‌ಗಳಿಗೆ ಬ್ರೇಕೇ ಇರಲ್ಲ, ಪೂರ್ತಿ ಭಾರ ತಡೆಯಬೇಕಾದ್ದು ಟ್ರಾಕ್ಟರ್ರೇ.

ನಾನು ತೋಟಗಾರಿಕೆ ಓದಿದವನು, ಮೆಕ್ಯಾನಿಕ್ ಅಲ್ಲ. ಆದರೂ ಹಳೇ ಗಾಡಿ ನೋಡೋಕೆ ಹೋದರೆ ಮೊದಲು ಗೇಜ್ ಕಡ್ಡಿ ಎಳೆದು ನೋಡ್ತೀನಿ. ಎಣ್ಣೆ ಹಾಲು ಹಾಕಿದ ಟೀ ಥರ ಇದ್ದರೆ ನೀರು ಸೇರಿದೆ ಅಂತ ಅರ್ಥ. ಗೇರ್ ಲಿವರ್ ಬುಡದ ರಬ್ಬರ್ ಹರಿದಿದ್ದರೆ ಮಳೆನೀರು, ತೊಳೆಯೋ ನೀರು ಅಲ್ಲಿಂದಲೇ ಇಳಿಯುತ್ತೆ. ಆ ರಬ್ಬರ್ ಹಾಕದೆ ಎಣ್ಣೆ ಬದಲಿಸಿದರೆ ದುಡ್ಡು ದಂಡ.

ಬದಲಿಸುವ ದಿನ ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಎಣ್ಣೆ ಬೆಚ್ಚಗಾದರೆ ಕೆಸರೂ ಜೊತೆಗೆ ಇಳಿಯುತ್ತೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಪೂರ್ತಿ ಕೆಳಗಿಳಿಸಿ, ಎಂಜಿನ್ ಆಫ್ ಮಾಡಿ. ಮೊದಲು ತುಂಬುವ ಮುಚ್ಚಳ ಬಿಚ್ಚಿ ನೋಡಿ, ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ ಖಾಲಿ ಗಾಡಿ ಅಲ್ಲೇ ನಿಲ್ಲುತ್ತೆ. ಪ್ಲಗ್‌ನಲ್ಲಿ ಆಯಸ್ಕಾಂತ ಇದ್ದರೆ ಅದರ ಮೇಲಿನ ನುಣ್ಣನೆ ಬೂದು ಪೇಸ್ಟ್ ಸಹಜ ಸವೆತ. ಉಗುರಿಗೆ ಸಿಗುವ ಚೂರು ಇದ್ದರೆ ಗೇರೋ ಬೇರಿಂಗೋ ಒಡೆದಿದೆ, ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ, ಮೆಕ್ಯಾನಿಕ್ಕನ್ನ ಕರೀರಿ.

ಡೀಸೆಲ್ ಸುರಿದು ತೊಳೆಯೋಣ ಅಂದರೆ ಬೇಡ ಅನ್ನಿ. ಮೂಲೆಯಲ್ಲಿ ಉಳಿಯುವ ಡೀಸೆಲ್ ಹೊಸ ಎಣ್ಣೆಯನ್ನ ತೆಳ್ಳಗೆ ಮಾಡುತ್ತೆ. ಲಿಫ್ಟ್‌ನ ಫಿಲ್ಟರ್, ಜಾಲರಿ ಮಾತ್ರ ಬಿಡಬೇಡಿ. ಲಿಫ್ಟ್ ನಿಧಾನ ಆಗಿದ್ದರೆ ಎಷ್ಟೋ ಸಲ ಕಾರಣ ಅಲ್ಲೇ ಕೂತಿರುತ್ತೆ. ವರ್ಷಗಟ್ಟಲೆ ಮುಟ್ಟದ ಗಾಡಿಯಲ್ಲಿ ಹೊಸ ಎಣ್ಣೆ ಹಳೇ ಕೆಸರನ್ನ ಎಬ್ಬಿಸುತ್ತೆ, 50 ಗಂಟೆ ಓಡಿಸಿ ಜಾಲರಿ ಇನ್ನೊಮ್ಮೆ ತೆಗೆದು ನೋಡಿ.

ಯಾವ ಎಣ್ಣೆ, ಎಷ್ಟು ಲೀಟರ್, ಎಷ್ಟು ಗಂಟೆಗೆ ಅನ್ನೋದನ್ನ ನಿಮ್ಮ ಮಾಡೆಲ್‌ನ ಪುಸ್ತಕದಲ್ಲೇ ನೋಡಿ, ಫೋನ್‌ನಲ್ಲೂ ಸಿಗುತ್ತೆ. ಆಯಿಲ್ ಬ್ರೇಕ್ ಇದ್ದರೆ ಸಾಮಾನ್ಯವಾಗಿ ಯುಟಿಟಿಒ ಅಂತ ಬರೆದ ಎಣ್ಣೆ ಬೇಕು. ಅಗ್ಗ ಅಂತ ಬರೀ 90 ನಂಬರ್ ಗೇರ್ ಆಯಿಲ್ ಸುರಿದರೆ ಬ್ರೇಕ್ ಕಿರುಚಬಹುದು, ಹಿಡಿತವೂ ಕೆಡಬಹುದು. ತುಂಬಿದ ಮೇಲೆ ಲಿಫ್ಟ್ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ, ಕೆಳಗಿಳಿಸಿ ಆಫ್ ಮಾಡಿ, ಕಡ್ಡಿ ನೋಡಿ. ಅವರ್ ಮೀಟರ್ ಫೋಟೋ ತೆಗೆದಿಡಿ.

ತೆಗೆದ ಎಣ್ಣೆಯನ್ನ ಗೆದ್ದಲಿಗೆ ಮದ್ದು ಅಂತ ಬೇಲಿ ಗೂಟಕ್ಕೆ ಬಳಿಯೋದು, ಗುಂಡಿಗೆ ಸುರಿಯೋದು ಮಾಡ್ಬೇಡಿ. ಸಾವಯವ ತೋಟ ಮಾಡೋನಾಗಿ ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಅದು ಮಣ್ಣಲ್ಲಿ ಬೇಗ ಕರಗಲ್ಲ, ಮಳೆಗೆ ಹರಿದು ಅರ್ಕಾವತಿ, ಕಣ್ವ ಕಡೆಗೇ ಹೋಗುತ್ತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬಳಸಿದ ಎಣ್ಣೆಯೂ ಬರುತ್ತೆ. ಮುಚ್ಚಳ ಇರುವ ಕ್ಯಾನ್‌ಗೆ ತುಂಬಿ, ರೀಸೈಕಲ್‌ಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ. ತಗೋತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ.