ಇಂದಿನ ಧಮ್ಮ ಚಿಂತನೆ: ಅವ್ವನ ಮುಂದೆ ನಾಲ್ಕನೆಯ ಶೀಲ



ಕಳೆದ ಭಾನುವಾರ ಸುಳ್ಳು ಹೇಳದಿರುವ ಶೀಲದ ಬಗ್ಗೆ ಚರ್ಚೆ ನಡೆದಾಗ ನಾನು ಬಾಯಿ ಬಿಡಲಿಲ್ಲ. ಯಾಕೆ ಮೇಷ್ಟ್ರೇ ಎಂದು ಒಬ್ಬರು ಕೇಳಿದಿರಿ. ಉತ್ತರ ಇವತ್ತು ಬರೆಯುತ್ತಿದ್ದೇನೆ.

ನಮ್ಮ ಅವ್ವನಿಗೆ ಆಲ್‌ಝೈಮರ್ ಕಾಯಿಲೆ ಎಂದು ಗೊತ್ತಾಗಿ 3 ವರ್ಷವಾಯಿತು. ಸಂಜೆಯಾದರೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. "ಕತ್ಲಾಯ್ತು, ನಿಮ್ಮಪ್ಪ ಇನ್ನೂ ಬಂದಿಲ್ವಲ್ಲ ಮಗಾ?" ಅಪ್ಪ ತೀರಿಕೊಂಡು 12 ವರ್ಷ.

ಮೇಷ್ಟ್ರ ಬುದ್ಧಿ, ತಪ್ಪು ಕಂಡರೆ ಕೆಂಪು ಪೆನ್ನು ತಾನಾಗಿಯೇ ಕೈಗೆ ಬರುತ್ತದೆ. ಮೊದಲ ವರ್ಷವೆಲ್ಲ ತಿದ್ದಿದೆ. "ಅವ್ವಾ, ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು." ಅವ್ವ ಆಗ ತಾನೇ ಸುದ್ದಿ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಮರುದಿನ ಅದೇ ಪ್ರಶ್ನೆ, ಅದೇ ಅಳು. ಒಬ್ಬ ಗಂಡನಿಗಾಗಿ ಅವಳನ್ನು ನೂರಾರು ಸಲ ವಿಧವೆ ಮಾಡಿದವನು ನಾನು.

ನನ್ನ ಹೆಂಡತಿ ಹಾಗಲ್ಲ. "ಹೊಲದ ತಾವ ಹೋಗವ್ರೆ ಅತ್ತೆ, ಬತ್ತಾರೆ, ಕುಂತ್ಕೊಳಿ" ಎಂದು ಕಾಫಿ ಕೈಗಿಡುತ್ತಿದ್ದಳು. ಅವ್ವ ಕೂರುತ್ತಿದ್ದಳು. ಶೀಲ ತೆಗೆದುಕೊಂಡವರ ಮನೆಯಲ್ಲಿ ಸುಳ್ಳೇ ಎಂದು ನಾನು ಜಗಳ ತೆಗೆದೆ. "ನೀವು ನಿಜ ಹೇಳ್ಬುಟ್ಟು ವಿಹಾರಕ್ಕೆ ಹೋಗ್ತೀರಿ. ರಾತ್ರಿ ಹತ್ತರ ತನಕ ಸಮಾಧಾನ ಮಾಡೋಳು ನಾನು" ಎಂದಳು.

ಡಾಕ್ಟರು ಬಿಡಿಸಿ ಹೇಳಿದರು. ಹೊಸ ನೆನಪನ್ನು ಗಟ್ಟಿ ಮಾಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಬೇಗ ಹಾಳಾಗುತ್ತದೆ. ಹೇಳಿದ್ದು ನಿಲ್ಲುವುದಿಲ್ಲ. ಆದರೆ ಸುದ್ದಿ ಮರೆತ ಮೇಲೂ ಅದು ತಂದ ದುಃಖ ಮನಸ್ಸಿನಲ್ಲಿ ಉಳಿಯಬಹುದು. ಅಂದರೆ ನನ್ನ ಪಾಠ ಅಳಿಸಿ ಹೋಗುತ್ತಿತ್ತು, ಪೆಟ್ಟು ಉಳಿಯುತ್ತಿತ್ತು.

ಆಗ ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತವನ್ನು ಮತ್ತೆ ಓದಿದೆ. ಪರರಿಗೆ ಅಪ್ರಿಯವಾದ ಮಾತನ್ನು ತಾವು ಆಡುವಿರಾ ಎಂದು ರಾಜಕುಮಾರ ಬುದ್ಧರನ್ನು ಸಿಕ್ಕಿಸಲು ನೋಡುತ್ತಾನೆ. ಅವನ ತೊಡೆಯ ಮೇಲೆ ಮಗುವೊಂದು ಮಲಗಿರುತ್ತದೆ. ಈ ಮಗು ಬಾಯಿಗೆ ಕಲ್ಲು ಹಾಕಿಕೊಂಡರೆ ಏನು ಮಾಡುವೆ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಕರುಣೆಯಿಂದ, ಎನ್ನುತ್ತಾನೆ. ಈ ಭಾಗವನ್ನು ನಾನು ಬಹಳ ವರ್ಷ ನನ್ನ ಪರವಾಗಿಯೇ ಓದಿಕೊಂಡಿದ್ದೆ. ಅವ್ವನ ವಿಷಯದಲ್ಲಿ ಕಲ್ಲು ಹೊರಗೆ ಬಂದದ್ದೇ ಇಲ್ಲ, ಬಂದದ್ದು ರಕ್ತ ಮಾತ್ರ.

ಅದೇ ಸುತ್ತದಲ್ಲಿ ಮುಂದೆ ಮಾತಿನ ವಿಂಗಡಣೆಯಿದೆ. ನಿಜವೂ ಹಿತವೂ ಆದದ್ದನ್ನು, ಪ್ರಿಯವಿರಲಿ ಅಪ್ರಿಯವಿರಲಿ, ಕಾಲವರಿತು ಆಡಬೇಕು. ನಿಜವಾದರೂ ಹಿತವಲ್ಲದ್ದನ್ನು ಬುದ್ಧರು ಆಡುವುದಿಲ್ಲ. ನಾನು ಜಾರಿದ್ದು ಇಲ್ಲೇ. ಹಾಗೆಂದು ಹೆಂಡತಿಯ ಮಾತಿಗೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಸುಳ್ಳಾದರೂ ಹಿತ ಎಂಬ ಮನೆಯೇ ಅಲ್ಲಿಲ್ಲ.

ಈಗ ನಾನು ತಿದ್ದುವುದಿಲ್ಲ, ಬರುತ್ತಾರೆ ಎಂದೂ ಹೇಳುವುದಿಲ್ಲ. "ಅಪ್ಪನ ನೆನಪಾಯ್ತಾ ಅವ್ವಾ? ಅಪ್ಪಂಗೆ ಯಾವ ಸಾರು ಇಷ್ಟ?" ಎಂದು ಕೇಳುತ್ತೇನೆ. ಹುರುಳಿ ಸಾರಿನ ಕತೆ ಶುರುವಾಗುತ್ತದೆ. ಮಾತಾಡುತ್ತಾ ಬಾಗಿಲು ಬಿಟ್ಟು ಒಳಗೆ ಬರುತ್ತಾಳೆ. ಎಲ್ಲ ದಿನವೂ ಅಲ್ಲ. ಕೆಲವು ಸಂಜೆ ಚಪ್ಪಲಿ ಹಾಕಿಕೊಂಡು ಹೊರಟೇಬಿಡುತ್ತಾಳೆ. ಆಗ ಜೊತೆಗೆ ಹೋಗಿ ಬೀದಿ ಸುತ್ತಿ ಬರುತ್ತೇವೆ. ತಿಂಗಳಲ್ಲಿ ಒಂದು ವಾರ ಅಕ್ಕ ಬಂದು ನೋಡಿಕೊಳ್ಳುತ್ತಾಳೆ, ಅದನ್ನು ಕೇಳಲು ನನಗೆ 2 ವರ್ಷ ಬಿಗುಮಾನ ಅಡ್ಡ ಬಂದಿತ್ತು.

ಇನ್ನೊಂದು ಮಾತು. ರೋಗಿಯನ್ನು ನೋಡಿಕೊಳ್ಳುವವರಿಗೆ ಬೇಕಾದ ಐದು ಗುಣಗಳನ್ನು ಅಂಗುತ್ತರ ನಿಕಾಯ ಹೇಳುತ್ತದೆ. ಔಷಧಿ ಸಿದ್ಧಪಡಿಸುವುದು ಮೊದಲನೆಯದು, ಅದು ನನ್ನ ಪಾಲು. ಮಲಮೂತ್ರಕ್ಕೆ ಹೇಸದಿರುವುದೂ ಅದರಲ್ಲಿದೆ. ಅದು ಬೆಳಗ್ಗೆ ಐದಕ್ಕೆ ಎದ್ದು ಅವ್ವನ ಬಟ್ಟೆ ಬದಲಿಸುವವಳ ಪಾಲು. ಸುತ್ತ ಓದಿ ಅವಳಿಗೆ ಶೀಲ ಬೋಧಿಸಲು ಹೋದವನು ನಾನು. ಅವಳು ಈಗಲೂ "ಹೊಲದ ತಾವ ಹೋಗವ್ರೆ" ಎನ್ನುತ್ತಾಳೆ. ನಾನು ಸುಮ್ಮನಿರುತ್ತೇನೆ.

ಈ ಭಾನುವಾರದ ಅಧ್ಯಯನವನ್ನು ಬೆಳಗ್ಗೆ ಇಟ್ಟುಕೊಳ್ಳಲು ಸಾಧ್ಯವೇ? ಸಂಜೆ ಐದರ ಮೇಲೆ ನಾನು ಮನೆಯಲ್ಲಿರಬೇಕು.